ಬಾಯಿಲ್ಲದ ಚಕ್ರ

"ಕೆಲವು ಸಲ ಹಾಕ್ತಾನೆ ಸಾರ್, ಕೆಲವು ಸಲ ಮರೀತಾನೆ."

ಎರಡು ವರ್ಷದ ಹಿಂದೆ ಭಾವ ಆಡಿದ ಈ ಒಂದು ಮಾತು ಬ್ರೇಕಣ್ಣನ ಕಿವಿಯಿಂದ ಇನ್ನೂ ಇಳಿದಿರಲಿಲ್ಲ. ಹಲ್ಲುಜ್ಜುವಾಗ ಕೇಳಿಸುತ್ತಿತ್ತು, ಟೈರಿಗೆ ಗಾಳಿ ತುಂಬುವಾಗ ಕೇಳಿಸುತ್ತಿತ್ತು, ಅಕ್ಕ ಬಡಿಸಿದ ಊಟಕ್ಕೆ ಭಾವನ ಎದುರೇ ಕೂತು ತಲೆ ತಗ್ಗಿಸಿ ಉಣ್ಣುವಾಗ ಇನ್ನೂ ಜೋರಾಗಿ ಕೇಳಿಸುತ್ತಿತ್ತು. ಕೆಲಸ ಹೋದದ್ದನ್ನು ಅವನು ಸಹಿಸಿಕೊಂಡಿದ್ದ. ಜನರ ಕೊಂಕನ್ನೂ ಸಹಿಸಿಕೊಂಡಿದ್ದ. 'ಮರೀತಾನೆ' ಎಂಬ ಆ ಪದವನ್ನು ಮಾತ್ರ ನುಂಗಲೂ ಆಗಿರಲಿಲ್ಲ, ಉಗುಳಲೂ ಆಗಿರಲಿಲ್ಲ.

ನಡೆದದ್ದು ಇಷ್ಟು. ಗ್ಯಾರೇಜು ಭಾವನದು, ಅಂದರೆ ಅಕ್ಕನ ಗಂಡನದು. ಅಲ್ಲಿ ಬ್ರೇಕಿನ ಕೆಲಸವೆಲ್ಲ ಮೂವತ್ತು ವರ್ಷದಿಂದ ಇವನದೇ. ಅದಕ್ಕೇ ಹುಟ್ಟಿದ ಹೆಸರು ಮರೆತುಹೋಗಿ ಎಲ್ಲರ ಬಾಯಲ್ಲೂ ಬ್ರೇಕಣ್ಣನಾಗಿದ್ದ. ಒಂದು ಸಂಜೆ ಶಾಲೆಯ ಮೇಷ್ಟ್ರೊಬ್ಬರು ತಮ್ಮ ಹಳೆಯ ಕಾರು ತಂದರು. ಬ್ರೇಕಣ್ಣ ಬಲಗಡೆಯ ಮುಂಚಕ್ರ ಮುಗಿಸಿ, ಎಡಗಡೆಯದನ್ನು ಬಿಚ್ಚಿಟ್ಟು, ಬೇಕಾದ ಸಾಮಾನು ತರಲು ಅಂಗಡಿಗೆ ಹೋಗಿದ್ದ. ಮೇಷ್ಟ್ರಿಗೆ ಅವಸರ. ಭಾವನಿಗೆ ಗಿರಾಕಿಯನ್ನು ಕಾಯಿಸಿ ಗೊತ್ತಿಲ್ಲ. ತಾನೇ ಕೂತು ಎಡಚಕ್ರ ಮುಚ್ಚಿ ಕಾರು ಕಳಿಸಿಬಿಟ್ಟ. ಬ್ರೇಕಿನ ಒಂದು ಬೋಲ್ಟನ್ನು ಕೈಯಲ್ಲಿ ತಿರುಗಿಸಿದ್ದಷ್ಟೇ, ಬಿಗಿ ಮಾಡಿರಲಿಲ್ಲ. ಮೂರನೇ ದಿನ ಆ ಬೋಲ್ಟು ಕಳಚಿತು, ಕಾರು ಗೋಡೆಗೆ ಗುದ್ದಿತು, ಮೇಷ್ಟ್ರ ಒಂದು ಕಾಲು ಮೊಣಕಾಲಿನ ಕೆಳಗೆ ಹೋಯಿತು.

ವಾಹನ ತಪಾಸಣೆಯ ಅಧಿಕಾರಿ ಬಂದರು. ದಪ್ಪ ಕನ್ನಡಕದ, ಮೆಲುದನಿಯ ಮನುಷ್ಯ. "ಈ ಚಕ್ರ ಮುಚ್ಚಿದ್ದು ಯಾರು?" ಎಂದು ಕೇಳಿದರು. ಭಾವ ಒಂದು ಕ್ಷಣವೂ ತಡಮಾಡದೆ "ನನ್ನ ಭಾಮೈದ" ಎಂದ.

ಬ್ರೇಕಣ್ಣ ಅಧಿಕಾರಿಯನ್ನು ಹೆಚ್ಚುಕಡಿಮೆ ಕೈಹಿಡಿದೇ ಎಳೆದುಕೊಂಡು ಹೋಗಿ ಬಲಚಕ್ರ ತೋರಿಸಿದ. ಬ್ರೇಕಿನ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣಕ್ಕೆ ಇಳಿದಂತೆ ಎರಡು ಬಿಳಿ ಗೆರೆ, ಒಂದು ಉದ್ದ, ಒಂದು ಗಿಡ್ಡ. ಬಿಗಿ ಮಾಡಿಯಾಯಿತು ಎಂಬುದಕ್ಕೆ ಗುರುತು. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ತುಂಡಾಗಿ ಕಾಣುತ್ತದೆ. "ನಾನು ಮುಚ್ಚಿದ ಚಕ್ರ ಅಂದ್ರೆ ಇದು ಇರ್ಲೇಬೇಕು ಸಾರ್. ಎಡಗಡೆ ನೋಡಿ, ಇಲ್ಲ. ಅದು ನನ್ನ ಕೈಯಲ್ಲ" ಎಂದ. ಅಧಿಕಾರಿ ಭಾವನ ಮುಖ ನೋಡಿದರು. ಆಗ ಭಾವ ಆ ಮಾತಾಡಿದ. ಅಧಿಕಾರಿ ಅದನ್ನು ಬರೆದುಕೊಂಡರು.

ಬ್ರೇಕಿನ ಕೆಲಸ ಮಾಡಲು ಬ್ರೇಕಣ್ಣನಿಗಿದ್ದ ಪರವಾನಗಿ ರದ್ದಾಯಿತು. ಭಾವ ದೊಡ್ಡ ಮನಸ್ಸು ಮಾಡಿ ಅವನನ್ನು ಟೈರಿನ ವಿಭಾಗಕ್ಕೆ ಹಾಕಿದ. ಅಂದೇ ಸಂಜೆ ಹಿತ್ತಲಿನಲ್ಲಿ ನಿಂತು, "ಗ್ಯಾರೇಜ್ ಮುಚ್ಚಿದ್ರೆ ನಿಮ್ಮಕ್ಕ ಬೀದಿಗೆ ಬರ್ತಿದ್ಲು ಕಣೋ. ನೀನು ಒಬ್ಬಂಟಿ, ತಡ್ಕೋತೀಯ" ಎಂದು ಹೆಗಲ ಮೇಲೆ ಕೈಯಿಟ್ಟ. ಬ್ರೇಕಣ್ಣ ಗೆರೆ ಎಳೆಯುವ ಬಿಳಿ ಬಣ್ಣದ ಪೆನ್ನುಗಳ ಡಬ್ಬಿಯನ್ನೇ ಚರಂಡಿಗೆ ಎಸೆದ. ವಾರ ಕಳೆಯುವುದರೊಳಗೆ ಜನ ಅವನನ್ನು ಟೈರಣ್ಣ ಎನ್ನತೊಡಗಿದರು. ನಾವಾದರೂ ಬ್ರೇಕಣ್ಣ ಎಂದೇ ಕರೆಯೋಣ. ಪಾಪ, ಅಷ್ಟಾದರೂ ಸಿಗಲಿ.

ಬಿಟ್ಟುಹೋಗಬಹುದಿತ್ತಲ್ಲ ಎಂದು ಕೇಳುವವರು ಅವನ ಅಕ್ಕನನ್ನು ನೋಡಿಲ್ಲ. ತಾಯಿ ಸತ್ತಾಗ ಇವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ಅವತ್ತಿನಿಂದ ಇವನ ಹೊಟ್ಟೆಬಟ್ಟೆ ಅವಳೇ ನೋಡಿಕೊಂಡವಳು. ಐವತ್ತು ದಾಟಿದ ತಮ್ಮನನ್ನು ಇಂದಿಗೂ ಪುಟ್ಟ ಎಂದೇ ಕರೆಯುತ್ತಿದ್ದಳು. ಗಂಡ ಹೇಳಿದ್ದು ಸುಳ್ಳೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ ಇವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ತಟ್ಟೆಗೆ ಮಾತ್ರ ಒಂದು ಸೌಟು ಹೆಚ್ಚೇ ಬೀಳುತ್ತಿತ್ತು.

ಅಪಘಾತವಾಗಿ ಆರು ತಿಂಗಳಿಗೆ ಭಾವ ಹೊಸದೊಂದು ಕಾರು ಕೊಂಡ. ನೆಲಕ್ಕೆ ಮೈ ತಾಗಿಸಿಕೊಂಡು ಓಡುವ, ಕಪ್ಪು ಬಣ್ಣದ, ಇಬ್ಬರೇ ಕೂರಬಹುದಾದ ವೇಗದ ಕಾರು. ಊಟದ ತಟ್ಟೆಯಷ್ಟು ಅಗಲದ ಬ್ರೇಕ್ ಡಿಸ್ಕುಗಳು. ಭಾನುವಾರ ಬೆಳಿಗ್ಗೆ ಗುಡ್ಡದ ದಾರಿಯಲ್ಲಿ ಮೇಲಕ್ಕೆ ಹೋಗಿ, ಅಲ್ಲಿ ಗೆಳೆಯರ ಜೊತೆ ಹರಟೆ ಹೊಡೆದು, ಹದಿನೆಂಟು ತಿರುವುಗಳನ್ನು ಬಾಣದ ಹಾಗೆ ಇಳಿದು ಬರುವುದು ಅವನ ಚಟ. ಅರವತ್ತೆರಡರ ಮನುಷ್ಯ ಇಳಿದು ಬಂದಾಗ ಇಪ್ಪತ್ತರ ಹುಡುಗನ ಹಾಗೆ ಕಣ್ಣು ಹೊಳೆಸುತ್ತಿದ್ದ. ಕೆಟ್ಟವನೆಂದು ಅವನನ್ನು ಯಾರೂ ಹೇಳುತ್ತಿರಲಿಲ್ಲ. ಬ್ರೇಕಣ್ಣನಿಗೆ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಭಾವ ಗಿರಾಕಿಗಳನ್ನು ಸುತ್ತ ನಿಲ್ಲಿಸಿಕೊಂಡು ಕಾರಿನ ಗುಣಗಾನ ಮಾಡುತ್ತಿದ್ದ.

"ಇದು ಮಾತಾಡುತ್ತೆ ಕಣ್ರೀ. ಬ್ರೇಕ್ ಪ್ಯಾಡ್ ಒಳಗೇ ಸೆನ್ಸರ್ ಇದೆ. ಪ್ಯಾಡ್ ಸವೀತು ಅಂದ್ರೆ ಕೆಂಪು ದೀಪ ಹಾಕಿ ತಾನೇ ಹೇಳುತ್ತೆ. ಇನ್ನು ಬಗ್ಗಿ ಇಣುಕೋ ಬ್ರೇಕಣ್ಣಂದಿರ ಕಾಲ ಮುಗೀತು!"

ಎಲ್ಲರೂ ನಕ್ಕರು. ಬ್ರೇಕಣ್ಣನೂ ನಕ್ಕ. ನಗುತ್ತಲೇ ಅವನ ಮನಸ್ಸು ಕಾರಿನ ಕೆಳಗೆ ತೂರಿಕೊಂಡಿತು. ಸೆನ್ಸರ್ ಎಂದರೆ ಏನು? ಡಿಸ್ಕನ್ನು ಒತ್ತಿ ಹಿಡಿದು ನಿಲ್ಲಿಸುವ ಪ್ಯಾಡಿನಲ್ಲಿ ಹುದುಗಿಸಿದ ಸಣ್ಣ ತಂತಿ. ಪ್ಯಾಡು ಸವೆದು ತಂತಿಯ ಮಟ್ಟಕ್ಕೆ ಬಂದರೆ ತಂತಿ ಡಿಸ್ಕಿಗೆ ಉಜ್ಜಿ ತುಂಡಾಗುತ್ತದೆ, ದೀಪ ಹೊತ್ತುತ್ತದೆ. ಆದರೆ ನಾಲ್ಕು ಚಕ್ರಕ್ಕೂ ಸೆನ್ಸರ್ ಇಲ್ಲ. ಈ ಕಾರಿನಲ್ಲಿ ಮುಂದಕ್ಕೆ ಒಂದು, ಹಿಂದಕ್ಕೆ ಒಂದು. ಮುಂದಿನದು ಎಡಚಕ್ರದಲ್ಲಿ. ಎಡದ ಪ್ಯಾಡು ಎಷ್ಟು ಸವೆದಿದೆಯೋ ಬಲದ್ದೂ ಅಷ್ಟೇ ಸವೆದಿರುತ್ತದೆ ಎಂಬ ನಂಬಿಕೆ ಕಾರು ಮಾಡಿದವರದು. ಎಡಚಕ್ರಕ್ಕೆ ಬಾಯಿದೆ. ಬಲಚಕ್ರಕ್ಕೆ ಇಲ್ಲ.

ಅಷ್ಟೇ. ಆ ರಾತ್ರಿಯಲ್ಲ, ಆ ವಾರವಲ್ಲ, ಅಲ್ಲೇ ಆ ನಗುವಿನ ನಡುವೆಯೇ ಅವನಿಗೆ ಎಲ್ಲವೂ ಹೊಳೆದುಹೋಯಿತು. ಯಾವುದನ್ನೂ ಕತ್ತರಿಸಬೇಕಿಲ್ಲ, ಯಾವುದನ್ನೂ ಸಡಿಲಿಸಬೇಕಿಲ್ಲ. ಸೆನ್ಸರನ್ನು ಮುಟ್ಟಲೇಬೇಕಿಲ್ಲ; ಅದು ತನ್ನ ಕಡೆಯ ಸತ್ಯವನ್ನು ನಿಯತ್ತಾಗಿ ಹೇಳುತ್ತಲೇ ಇರಲಿ. ಬಲಚಕ್ರದಲ್ಲಿ ಒಂದು ಜೊತೆ ಸವೆದ ಪ್ಯಾಡು ಕೂತರೆ ಸಾಕು.

ಯೋಚಿಸಲು ಅವನು ಮೂರು ತಿಂಗಳು ತೆಗೆದುಕೊಂಡ. ಟೈರಿನ ವಿಭಾಗದಲ್ಲಿ ಯೋಚಿಸುವುದಕ್ಕೆ ಪುರುಸೊತ್ತು ಬೇಕಾದಷ್ಟಿತ್ತು. ಚಕ್ರ ಬಿಚ್ಚು, ಯಾವ ಕಡೆಯದೆಂದು ಟೈರಿನ ಮೇಲೆ ಜೇಬಿನ ಬಿಳಿ ಪೆನ್ನಿನಲ್ಲಿ ಬರೆ, ಪಂಕ್ಚರು ನೋಡು, ಮತ್ತೆ ಹಾಕು. ಕತ್ತೆಯಾದರೂ ಕಲಿಯಬಹುದಾದ ಕೆಲಸ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಸವೆದ ಪ್ಯಾಡು ಎಲ್ಲಿಂದ? ಎಂಟು ತಿಂಗಳ ಹಿಂದೆ ಭಾವನ ಕಾರಿನಿಂದಲೇ ತೆಗೆದದ್ದು ಗುಜರಿ ಡ್ರಮ್ಮಿನ ತಳದಲ್ಲಿತ್ತು. ಅದೇ ಕಾರು, ಅದೇ ಕಂಪನಿ, ಅದೇ ಬಣ್ಣ. ತೀರಾ ತೆಳುವಾದ ಎರಡನ್ನು ಆರಿಸಿಕೊಂಡ. ಊರೊಳಗಿನ ಓಡಾಟಕ್ಕೆ ಅವು ಸಾಲುತ್ತವೆ, ಕಾಲಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಗುಡ್ಡದ ಇಳಿಜಾರಿನಲ್ಲಿ ಮಾತ್ರ ಹಾಗಲ್ಲ. ದಪ್ಪ ಪ್ಯಾಡು ಡಿಸ್ಕಿನ ಕಾವನ್ನು ತಡೆಯುತ್ತದೆ; ತೆಳುವಾದದ್ದು ಕಾವನ್ನು ಹಾಗೇ ಒಳಕ್ಕೆ ಬಿಡುತ್ತದೆ. ಎಂಟೋ ಹತ್ತೋ ತಿರುವು ಕಳೆಯುವಷ್ಟರಲ್ಲಿ ಬ್ರೇಕಿನ ಎಣ್ಣೆ ಕುದಿಯುತ್ತದೆ. ಎಣ್ಣೆ ಕುದಿದರೆ ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಸದ್ದಾಗುವುದಿಲ್ಲವೇ? ಆ ಕಾರಿನ ಸೈಲೆನ್ಸರಿನ ಗುಡುಗಿನಲ್ಲಿ ಪಕ್ಕದಲ್ಲಿ ಕೂತವರ ಕೂಗೇ ಕೇಳುವುದಿಲ್ಲ. ತೆಳು ಪ್ಯಾಡು ಹಾಕಿದರೆ ಎಣ್ಣೆಯ ಮಟ್ಟ ಇಳಿದು ಇನ್ನೊಂದು ದೀಪ ಹತ್ತುತ್ತದೆ. ದಡ್ಡನಾದರೆ ಅಲ್ಲೇ ಸಿಕ್ಕಿಬೀಳುತ್ತಿದ್ದ. ಬ್ರೇಕಣ್ಣ ಅಷ್ಟೇ ಎಣ್ಣೆ ತುಂಬಿಸಿಡುವವನಿದ್ದ. ಆಮೇಲೆ ತಪಾಸಣೆಗೆ ಬಂದವರು ಒಂದೇ ಕಡೆ ಹೇಗೆ ಸವೆಯಿತು ಎಂದು ಕೇಳಿದರೆ? ಪ್ಯಾಡನ್ನು ಒತ್ತುವ ಪಿಸ್ಟನ್ನು ಅಂಟಿಕೊಳ್ಳುವ ಕಾಯಿಲೆ ಇದೆಯಲ್ಲ. ಕಾಲು ತೆಗೆದರೂ ಬ್ರೇಕು ಬಿಡದೆ ಹಿಡಿದುಕೊಂಡಿರುತ್ತದೆ, ಆ ಕಡೆಯ ಪ್ಯಾಡು ಮಾತ್ರ ಬೇಗ ಸವೆಯುತ್ತದೆ. ಯಾವ ಕಾರಿಗಾದರೂ ಬರಬಹುದು. ಹಾಗೆ ಕಾಣಲು ಏನು ಬೇಕೆಂಬುದು ಅವನಿಗೆ ಗೊತ್ತಿತ್ತು. ಬೆರಳಚ್ಚಿನ ಚಿಂತೆಯೇ ಇಲ್ಲ. ಆ ಗ್ಯಾರೇಜಿನ ಪ್ರತಿ ಸಾಮಾನಿನ ಮೇಲೂ ಅವನ ಬೆರಳೇ.

ಒಂದೇ ಒಂದು ಮುಳ್ಳು ಚುಚ್ಚುತ್ತಿತ್ತು. ಈಗ ಬ್ರೇಕಿನ ಕೆಲಸ ಮಾಡುತ್ತಿದ್ದವನು ಯಾವಾಗಲೂ ಸಿಳ್ಳೆ ಹಾಕುವ ಒಬ್ಬ ಮೆಕ್ಯಾನಿಕ್ಕು, ಹೆಸರೂ ಸಿಳ್ಳೆಯೇ. ಎರಡು ಮಕ್ಕಳ ತಂದೆ. ಭಾವನ ಕಾರಿಗೆ ಕೊನೆಯ ಸಲ ಪ್ಯಾಡು ಹಾಕಿದವನು ಅವನೇ, ಕೆಲಸದ ಚೀಟಿಯ ಮೇಲೆ ಅವನದೇ ಸಹಿ. ಅವನ ತಲೆಗೆ ಬಂದರೆ? ಪಿಸ್ಟನ್ನು ಅಂಟಿಕೊಂಡರೆ ಅವನ ತಪ್ಪೇನು, ನಾಲ್ಕು ಬೈಗುಳ ತಿಂದು ಸುಮ್ಮನಾಗುತ್ತಾನೆ ಎಂದು ಬ್ರೇಕಣ್ಣ ಸಮಾಧಾನ ಮಾಡಿಕೊಂಡ. ಮಾಡಿಕೊಂಡ ಸಮಾಧಾನ ಎರಡು ದಿನವೂ ಬಾಳಲಿಲ್ಲ, ಮತ್ತೆ ಮಾಡಿಕೊಳ್ಳಬೇಕಾಯಿತು.

ಮಂಗಳವಾರ ಗ್ಯಾರೇಜಿಗೆ ರಜೆ. ಆ ಮಂಗಳವಾರ ಅಕ್ಕ ಮತ್ತು ಭಾವ ಬಾಡಿಗೆ ಕಾರಿನಲ್ಲಿ ಯಾರನ್ನೋ ನೋಡಲು ಹೊರಟರು, ಸಂಜೆಯವರೆಗೆ ಬರುವುದಿಲ್ಲ ಎಂದರು. ಗ್ಯಾರೇಜಿನ ಮೇಲಿನ ಕೋಣೆಯಲ್ಲೇ ವಾಸವಾಗಿದ್ದ ಬ್ರೇಕಣ್ಣ ಹನ್ನೊಂದು ಗಂಟೆಗೆ ದಿನದ ಕೆಲಸದ ಅಂಗಿಯನ್ನೇ ತೊಟ್ಟು ಕೆಳಗಿಳಿದ. ಯಾರಾದರೂ ನೋಡಿದರೂ ದಿನನಿತ್ಯದ ಬ್ರೇಕಣ್ಣನೇ ಕಾಣಬೇಕು. ಮುಂಬಾಗಿಲು ಅರ್ಧ ಎಳೆದ. ಕಪ್ಪು ಕಾರಿನ ಬಲಗಡೆಯ ಮುಂಭಾಗಕ್ಕೆ ಜಾಕು ಕೊಟ್ಟ. ಚಕ್ರ ಕಳಚಿದ.

ಎರಡು ವರ್ಷದ ಮೇಲೆ ಬ್ರೇಕು ಮುಟ್ಟುತ್ತಿದ್ದ. ಹೇಳಬಾರದು, ಹೇಳದೆಯೂ ಇರಲಾಗದು: ಅವನಿಗೆ ಸಂತೋಷವಾಯಿತು. ಬೋಲ್ಟು ಬಿಟ್ಟುಕೊಡುವಾಗಿನ ಆ ಸಣ್ಣ ಕಿರ್ರೆನ್ನುವ ಸದ್ದು, ಪ್ಯಾಡಿನ ಸುಟ್ಟ ವಾಸನೆ, ಬೆರಳಿಗೆ ಅಂಟಿದ ಕರಿ ಪುಡಿ. ಕೊಲ್ಲಲು ಕೂತಿದ್ದೇನೆ ಎಂಬುದು ಐದಾರು ನಿಮಿಷ ಅವನ ಮನಸ್ಸಿನಿಂದಲೇ ಜಾರಿತ್ತು. ಕೈಗಳು ತಮ್ಮ ಹಳೆಯ ದಾರಿ ಹಿಡಿದು ನಡೆದವು. ಹೊಸ ಪ್ಯಾಡು ಹೊರಗೆ, ಹಳೆಯದು ಒಳಗೆ. ಒರೆಸುವುದನ್ನು ಒರೆಸಿದ. ಕೊಳೆ ಮಾಡಬೇಕಾದಲ್ಲಿ ಕೊಳೆ ಮಾಡಿದ.

ಬೋಲ್ಟುಗಳನ್ನು ಬಿಗಿ ಮಾಡುತ್ತಿದ್ದಾಗ ಗೇಟಿನ ಹತ್ತಿರ ಸ್ಕೂಟರೊಂದು ನಿಂತಿತು.

ಅವನು ಮೈಯೆಲ್ಲ ಕಿವಿಯಾಗಿ ಕೂತ. ಸ್ಟ್ಯಾಂಡು ಹಾಕಿದ ಸದ್ದು. ಯಾರೋ ಕೆಮ್ಮಿದರು. "ಯಾರಾದ್ರೂ ಇದೀರಾ?" ಎಂಬ ಗಂಡಸಿನ ದನಿ. ಕೈಯಲ್ಲಿದ್ದ ರೆಂಚು ಟಕ್ ಎಂದಿತು, ಇಷ್ಟು ಬಿಗಿ ಸಾಕು ಎಂಬ ಸದ್ದು. ಹೊರಗಿನವನು ಬಾಗಿಲ ಮೇಲಿನ ರಜೆಯ ಫಲಕ ಓದಿಕೊಂಡನೇನೋ, ಗೊಣಗಿದ, ಸ್ಕೂಟರಿಗೆ ಒದ್ದ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಎಂಜಿನ್ನು ಹೊತ್ತಿಕೊಂಡಿತು. ಆ ಸದ್ದು ರಸ್ತೆಯ ತಿರುವಿನಲ್ಲಿ ಸಾಯುವವರೆಗೂ ಬ್ರೇಕಣ್ಣನ ಜೀವ ಗೇಟಿನ ಹತ್ತಿರವೇ ಇತ್ತು. ಮತ್ತೆ ಇತ್ತ ತಿರುಗಿದಾಗ ಕೆಲಸ ಮುಗಿದೇ ಇತ್ತು. ಚಕ್ರ ಎತ್ತಿ ಕೂರಿಸಿದ, ಜಾಕು ಇಳಿಸಿದ, ಪೆಡಲು ನಾಲ್ಕು ಸಲ ತುಳಿದು ಗಟ್ಟಿಯಾಗಿದೆಯೆಂದು ನೋಡಿದ, ಎಣ್ಣೆಯ ಮಟ್ಟ ಸರಿಮಾಡಿದ, ನೆಲ ಗುಡಿಸಿದ. ಕಳಚಿದ ಒಳ್ಳೆಯ ಪ್ಯಾಡುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಸೇತುವೆಯ ಮೇಲಿಂದ ನದಿಗೆ ಬಿಟ್ಟ. ಹೊತ್ತು ಮಧ್ಯಾಹ್ನ ಒಂದೂವರೆ. ದಾರಿಹೋಕರೊಬ್ಬರು ಸಮಯ ಎಷ್ಟು ಎಂದು ಕೇಳಿದರು, ನಿರಾಳವಾಗಿ ಹೇಳಿದ.

ಕೋಣೆಗೆ ಬಂದು ಕೈ ತೊಳೆಯುವಾಗ ಹೆಬ್ಬೆರಳಿಗೆ ಒಂದಿಷ್ಟು ಬಿಳಿ ಬಣ್ಣ ಮೆತ್ತಿತ್ತು. ಟೈರಿನ ಕೆಲಸದವರ ಕೈಗೆ ಅದು ಅಂಟದ ದಿನವಿಲ್ಲ. ಸೋಪು ಹಾಕಿ ತಿಕ್ಕಿ ತೊಳೆದು, ಊಟ ಮಾಡಿ, ಮಲಗಿ, ಗಾಢವಾಗಿ ನಿದ್ದೆ ಹೋದ.

ಆಮೇಲಿನ ನಾಲ್ಕು ದಿನ ನಿದ್ದೆ ಬರಲಿಲ್ಲ. ಭಾವ ಪ್ರತಿದಿನ ಕಾರನ್ನು ಎರಡು ಬೀದಿ ಓಡಿಸಿ ತರುತ್ತಿದ್ದ. ಇವನು ಪ್ರತಿದಿನ ಅವನ ಮುಖ ನೋಡುತ್ತಿದ್ದ. ಏನೂ ತಿಳಿದಿರಲಿಲ್ಲ. ಶನಿವಾರ ಸಂಜೆ ಊಟಕ್ಕೆ ಕೂತಾಗ ಅಕ್ಕ ನೀರು ಬಗ್ಗಿಸುತ್ತ ಹೇಳಿದಳು:

"ನಾಳೆ ನಾನೂ ಹೋಗೋಣ ಅಂತಿದೀನಿ ಕಣೋ ಪುಟ್ಟ. ಒಂದೂವರೆ ವರ್ಷದಿಂದ ಕರೀತಾನೇ ಇದಾರೆ."

ಬ್ರೇಕಣ್ಣ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ.

"ನಿಂಗೆ ತಿರುವಿನಲ್ಲಿ ತಲೆ ಸುತ್ತುತ್ತಲ್ಲ ಅಕ್ಕ."

"ಸುತ್ತಿದ್ರೆ ಸುತ್ಲಿ. ಗುಡ್ಡದ ಮೇಲಿಂದ ಊರು ಹೇಗೆ ಕಾಣುತ್ತೆ ಅಂತ ನೋಡೋದು ಬೇಡ್ವಾ, ಸಾಯೋದ್ರೊಳಗೆ?"

ಭಾವ ಹೋ ಎಂದು ನಕ್ಕ. "ನಿಧಾನಕ್ಕೆ ಓಡಿಸ್ತೀನಿ ಕಣೇ, ಹೆದರ್ಬೇಡ."

ಬ್ರೇಕಣ್ಣ ತಟ್ಟೆ ಬಿಟ್ಟು ಎದ್ದ. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ಮೊದಲ ಗಳಿಗೆ ನಾಟಕ, ಎರಡನೆಯ ಗಳಿಗೆಗೆ ಹೊಟ್ಟೆ ನಿಜವಾಗಿಯೂ ಕಿವುಚಿ ಬಂತು. ವಾಂತಿ ಮಾಡಿಕೊಂಡ, ಬೆವರಿದ, ಅಕ್ಕನ ಸೆರಗು ಬಿಡಲಿಲ್ಲ. ಬೆಳಗಾಗುವ ಹೊತ್ತಿಗೆ ಅವಳು ಅವನ ಹಾಸಿಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. "ನೀವೊಬ್ರೇ ಹೋಗ್ಬನ್ನಿ, ಇವನನ್ನ ಬಿಟ್ಟು ಹೇಗೆ ಬರ್ಲಿ?" ಎಂದು ಕಿಟಕಿಯಿಂದ ಕೂಗಿ ಹೇಳಿದಳು. ಕೆಳಗೆ ಕಾರು ಗುಡುಗಿ ಹೊರಟಿತು. ಅಕ್ಕನ ತಣ್ಣನೆಯ ಅಂಗೈ ಹಣೆಯ ಮೇಲಿತ್ತು. ಈಗಲೂ ಒಂದು ಫೋನು ಮಾಡಿದರೆ ಸಾಕು ಎಂದು ಅವನಿಗೆ ಗೊತ್ತಿತ್ತು. ಹತ್ತುವ ದಾರಿ ಮುಕ್ಕಾಲು ಗಂಟೆ, ಹರಟೆ ಒಂದು ಗಂಟೆ. ಅಷ್ಟು ಹೊತ್ತೂ ಅವನು ಕಣ್ಣು ಮುಚ್ಚಿಕೊಂಡು 'ಕೆಲವು ಸಲ ಮರೀತಾನೆ' ಎಂಬುದನ್ನು ಮತ್ತೆ ಮತ್ತೆ ಹೇಳಿಕೊಂಡ, ಫೋನಿನ ಕಡೆ ಕೈ ಹೋಗದಿರಲೆಂದು.

ಹತ್ತೂಕಾಲಿಗೆ ಫೋನೇ ಬಂತು. ಭಾವನ ಗೆಳೆಯರು ಮಾಡಿದ್ದರು.

ಹನ್ನೊಂದನೆಯ ತಿರುವು. ಪೆಡಲು ನೆಲಕ್ಕೆ ಹೋಗಿದೆ. ಭಾವನ ಜಾಣತನವೋ ಅದೃಷ್ಟವೋ, ಪ್ರಪಾತದ ಕಡೆ ಬಿಡದೆ ಕಾರನ್ನು ಗುಡ್ಡದ ಗೋಡೆಗೆ ಉಜ್ಜಿದ್ದಾನೆ. ಕಾರು ಮಗುಚಿ ಮೋರಿಗೆ ಬಿದ್ದಿದೆ. ಎರಡೂ ತೊಡೆಯ ಮೂಳೆ, ಐದು ಪಕ್ಕೆಲುಬು ಮುರಿದಿವೆ, ಜೀವ ಇದೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕ ತಮ್ಮನ ತೋಳು ಹಿಡಿದು ಅತ್ತಳು. ಮೂರನೆಯ ದಿನ ಡಾಕ್ಟರು ಹೊರಬಂದು, ಉಳಿದರು, ಇನ್ನು ಭಯವಿಲ್ಲ ಎಂದರು. ಬ್ರೇಕಣ್ಣನಿಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿಗೆ ನಾಚಿಕೆಯೂ ಆಯಿತು. ಇಷ್ಟೆಲ್ಲ ಒಂದೇ ಗಳಿಗೆಯಲ್ಲಿ ಆಗಿ, ಅವನು ಗೋಡೆಯ ಕಡೆ ತಿರುಗಿ ನಿಂತ. ಅಕ್ಕ ಅದನ್ನು ಪ್ರೀತಿಯೆಂದುಕೊಂಡಳು.

ತಪಾಸಣೆಗೆ ಅದೇ ಕನ್ನಡಕದ ಅಧಿಕಾರಿಯೇ ಬಂದರು. ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಎಡದ ಪ್ಯಾಡು ಚೆನ್ನಾಗಿದೆ, ಸೆನ್ಸರ್ ಚೆನ್ನಾಗಿದೆ. ಬಲದ್ದು ಸವೆದುಹೋಗಿದೆ, ಪಿಸ್ಟನ್ನು ಅಂಟಿಕೊಂಡಂತಿದೆ ಎಂದು ಬರೆದುಕೊಂಡರು. ಕೆಲಸದ ಚೀಟಿ ನೋಡಿದರು. ಪೂರ್ತಿ ತಪಾಸಣೆ ಮುಗಿಯುವ ತನಕ ಸಿಳ್ಳೆ ಬ್ರೇಕು ಮುಟ್ಟುವಂತಿಲ್ಲ ಎಂದರು. ಮಾರನೆಯ ದಿನ ಸಿಳ್ಳೆ ಟೈರಿನ ವಿಭಾಗಕ್ಕೆ ಬಂದು, ಏನು ಮಾಡಬೇಕೆಂದು ತಿಳಿಯದೆ ನಿಂತ. ಸಿಳ್ಳೆ ಹಾಕುತ್ತಿರಲಿಲ್ಲ.

"ಅಣ್ಣಾ, ನಾನು ಸರಿಯಾಗೇ ಹಾಕಿದ್ದೆ. ನನ್ನ ಮಕ್ಕಳಾಣೆ, ಸರಿಯಾಗೇ ಹಾಕಿದ್ದೆ. ನೀವಾದ್ರೂ ನಂಬ್ತೀರಾ?"

"ತಪಾಸಣೆ ಆಗ್ಲಿ ಬಿಡೋ" ಎಂದ ಬ್ರೇಕಣ್ಣ, ಮುಖ ನೋಡದೆ. ಎರಡು ವರ್ಷದ ಹಿಂದೆ ಎಲ್ಲರೂ ತನಗೆ ಹೇಳಿದ್ದು ಇದೇ ಮಾತು ಎಂಬುದು ಆಡಿದ ಮೇಲೆ ನೆನಪಾಯಿತು.

ಹನ್ನೆರಡನೆಯ ದಿನ ಅಧಿಕಾರಿ ಅವನನ್ನು ತಮ್ಮ ಕಚೇರಿಗೆ ಕರೆಸಿದರು. ಬ್ರೇಕಣ್ಣ ಒಗೆದ ಅಂಗಿ ತೊಟ್ಟುಕೊಂಡು ಹೋದ. ಕೇಳಬಹುದಾದ ಪ್ರತಿ ಪ್ರಶ್ನೆಗೂ ಉತ್ತರ ಸಿದ್ಧವಿತ್ತು. ಆದರೆ ಅಧಿಕಾರಿ ಪ್ರಶ್ನೆ ಕೇಳಲಿಲ್ಲ. ಮೇಜಿನ ಮೇಲೆ ಹಳೆಯ ಫೈಲೊಂದಿತ್ತು, ಮೇಷ್ಟ್ರ ಕಾರಿನದು.

"ಕೂತ್ಕೊಳ್ಳಿ. ನಿಮ್ಮ ಭಾವ ನಿನ್ನೆ ಆಸ್ಪತ್ರೆಯಿಂದ ಹೇಳಿಕೆ ಕೊಟ್ಟಿದಾರೆ. ಓದ್ತೀನಿ, ಕೇಳಿ."

ಮೆಲುದನಿಯಲ್ಲಿ ಓದಿದರು. ಮೇಷ್ಟ್ರ ಕಾರಿನ ಎಡಚಕ್ರವನ್ನು ಮುಚ್ಚಿದವನು ನಾನು. ಹೆದರಿ ಸುಳ್ಳು ಹೇಳಿದೆ. ಕಾರು ಮಗುಚುವಾಗ ಕಣ್ಣ ಮುಂದೆ ಬಂದದ್ದು ನನ್ನ ಭಾಮೈದನ ಮುಖ, ಇದನ್ನು ಎದೆಯ ಮೇಲೆ ಹೊತ್ತುಕೊಂಡು ಸಾಯಲಾರೆ. ಅವನು ಮುಚ್ಚಿದ ಪ್ರತಿ ಚಕ್ರದ ಬೋಲ್ಟಿನ ಮೇಲೂ ಎರಡು ಬಿಳಿ ಗೆರೆ ಇದ್ದೇ ಇರುತ್ತದೆ. ಕೆಲವು ಸಲ ಮರೆಯುತ್ತಾನೆ ಎಂದು ನಾನು ಅಂದದ್ದು ಶುದ್ಧ ಸುಳ್ಳು. ಅವನು ಒಂದು ದಿನವೂ ಮರೆತವನಲ್ಲ.

ಬ್ರೇಕಣ್ಣನಿಗೆ ಕೋಣೆ ಮಸುಕಾಯಿತು. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಎರಡು ವರ್ಷದ ಭಾರ ಭುಜದಿಂದ ಇಳಿದದ್ದು ಮೈಗೇ ತಿಳಿಯಿತು. ಅಧಿಕಾರಿ ನೀರಿನ ಲೋಟ ಮುಂದೆ ಸರಿಸಿ ಕಾದರು.

"ನಿಜ ತಾನೆ? ಒಂದು ಸಲವೂ ಮರೆತದ್ದಿಲ್ಲ?"

"ಇಲ್ಲ ಸಾರ್." ಅವನು ಕಣ್ಣೊರೆಸಿಕೊಂಡು ನೆಟ್ಟಗೆ ಕೂತ. ದನಿಯಲ್ಲಿ ಹಳೆಯ ಬ್ರೇಕಣ್ಣ ಬಂದಿದ್ದ. "ಮೂವತ್ತು ವರ್ಷ. ಒಂದು ಉದ್ದ, ಒಂದು ಗಿಡ್ಡ. ನಾನು ಮರೆತ್ರೂ ಕೈ ಮರೆಯೋಲ್ಲ ಸಾರ್, ರೆಂಚು ಟಕ್ ಅಂದ್ರೆ ಕೈ ತಾನೇ ಜೇಬಿಗೆ ಹೋಗುತ್ತೆ."

"ಗ್ಯಾರೇಜಿನಲ್ಲಿ ಬೇರೆ ಯಾರಿಗಾದ್ರೂ ಈ ಅಭ್ಯಾಸ ಉಂಟಾ?"

"ಯಾರಿಗೂ ಇಲ್ಲ. ಇದ್ದಿದ್ರೆ ಮೇಷ್ಟ್ರ ಕಾಲು ಉಳೀತಿತ್ತು."

"ಪರವಾನಗಿ ಹೋದ ಮೇಲೆ ಬ್ರೇಕಿನ ಕೆಲಸ ಏನಾದ್ರೂ?"

"ಎರಡು ವರ್ಷದಿಂದ ಒಂದು ಬ್ರೇಕೂ ಮುಟ್ಟಿಲ್ಲ ಸಾರ್."

ಅಧಿಕಾರಿ ಅಷ್ಟನ್ನೂ ಅವನು ಹೇಳಿದ ಮಾತಿನಲ್ಲೇ ಬರೆದು, ಓದಿ ಹೇಳಿ, ಕಾಗದವನ್ನು ಅವನತ್ತ ತಿರುಗಿಸಿದರು. ಬ್ರೇಕಣ್ಣ ಪೆನ್ನು ತೆಗೆದುಕೊಂಡು, ಎರಡು ವರ್ಷದಲ್ಲಿ ಮೊದಲ ಸಲ, ತನ್ನ ಪೂರ್ತಿ ಹೆಸರನ್ನು ದೊಡ್ಡದಾಗಿ ಸಹಿ ಮಾಡಿದ.

ಸಹಿ ಒಣಗಿದ ಮೇಲೆ ಅಧಿಕಾರಿ ಕಾಗದವನ್ನು ಫೈಲಿನೊಳಗೆ ಇಟ್ಟು, ಮೇಜಿನ ಖಾನೆಯಿಂದ ಒಂದು ಫೋಟೋ ತೆಗೆದು ಅವನ ಮುಂದಿಟ್ಟರು. ಮೋರಿಯ ಕೆಸರು ಮೆತ್ತಿದ, ಕಾವಿಗೆ ನೀಲಿಗಟ್ಟಿದ ಒಂದು ಬ್ರೇಕು. "ನಿಮ್ಮ ಭಾವನ ಕಾರು. ಬಲಗಡೆಯ ಮುಂಚಕ್ರ" ಎಂದರು. "ಆ ಕಾರು ಕೊಂಡಿದ್ದು ನಿಮ್ಮ ಪರವಾನಗಿ ಹೋಗಿ ಆರು ತಿಂಗಳಾದ್ಮೇಲೆ ಅಲ್ವಾ? ಎರಡು ವರ್ಷದ ಹಿಂದೆ ನಿಮ್ಮ ಮಾತು ನಂಬದೆ ತಪ್ಪು ಮಾಡ್ದೆ. ಇವತ್ತು ಪೂರ್ತಿ ನಂಬ್ತೀನಿ." ಬ್ರೇಕಣ್ಣ ಬಗ್ಗಿ ನೋಡಿದ. ಸ್ಕೂಟರಿನ ಸದ್ದು, ಗೇಟಿನ ಕಡೆ ನೆಟ್ಟಿದ್ದ ಕಿವಿ, ಟೈರಿನ ಕೆಲಸವೇ ಇಲ್ಲದ ರಜೆಯ ದಿನ ಹೆಬ್ಬೆರಳಿಗೆ ಮೆತ್ತಿದ್ದ ಬಿಳಿ ಬಣ್ಣ, ಎಲ್ಲವೂ ಒಟ್ಟಿಗೇ ಬಂದು ಎದುರು ನಿಂತವು. ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣಕ್ಕೆ, ಕೆಸರಿನ ನಡುವೆಯೂ ಅಚ್ಚುಕಟ್ಟಾಗಿ, ಎರಡು ಬಿಳಿ ಗೆರೆಗಳು ಇಳಿದಿದ್ದವು. ಒಂದು ಉದ್ದ, ಒಂದು ಗಿಡ್ಡ.